ಕೂದಲು ನೋಡಿ ಇಟ್ಟ ಹೆಸರು
ಗೆಜ್ಜಲಗೆರೆ ಕಾರ್ಖಾನೆಯ ಬೋರೇಶನ ಮುಂದೆ ಅವನ ಮೆಚ್ಚಿನ ರಾಕ್ ತಂಡಗಳನ್ನು ಯಾರಾದರೂ ‘ಹೇರ್ ಮೆಟಲ್’, ಬರೀ ಕೂದಲು ಕುಣಿಸುವವರ ಗಲಾಟೆ, ಅಂದರೆ ಮುಗಿಯಿತು. “ಕೂದ್ಲು ಉದ್ದ ಬುಟ್ಟವ್ರೆಲ್ಲ ಒಂದೇ ಏನ್ಲಾ? ಮೊದ್ಲು ಆ ಗಿಟಾರ್ ಕೇಳ್ಲಾ” ಎಂದು ಬಸ್ಸಿನಲ್ಲೇ ಇಯರ್‌ಫೋನನ್ನು ಅವರ ಕಿವಿಗೆ ತುರುಕುತ್ತಾನೆ; ವಾದದ ಕಾವಿನಲ್ಲಿ ಇಳಿಯುವ ಸ್ಟಾಪು ದಾಟಿ ಮದ್ದೂರು ಸೇರಿದ್ದೂ ಉಂಟು. ಮಳವಳ್ಳಿಯ ಭಾವಮೈದ ಇದೇ ಮಾತು ಆಡಿದನೆಂದು ಬೀಗರೂಟದಲ್ಲಿ ಎಲೆ ಬಿಟ್ಟು ಎದ್ದು ಬಂದವನು. ಗೆಳೆಯರು ನಗುತ್ತಾರೆ, ಅವನು ನಗುವುದಿಲ್ಲ. ಅಪ್ಪ ಸತ್ತಾಗ ಅವನ ಅವ್ವ ಒಂದು ಹನಿ ಕಣ್ಣೀರೂ ಹಾಕದೆ ಕಲ್ಲಾಗಿ ಕೂತಿದ್ದಳು. ತಿಥಿ ಕಳೆದ ಮೇಲೆ ಒಂದು ದಿನ ಅವನ ಫೋನಿನಲ್ಲಿ ಆ ತಂಡಗಳಲ್ಲೊಂದರ ಗಾಯಕ ಹಾಡುತ್ತಿದ್ದಾಗ, ಇಂಗ್ಲಿಷಿನ ಒಂದಕ್ಷರ ತಿಳಿಯದ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಯಾರ್ನ ಕಳ್ಕೊಂಡವ್ನೆ ಮಗಾ ಇವ್ನು?” ಎಂದು ಕೇಳಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು ಮನಸಾರೆ ಅತ್ತಳು.