ಅತ್ತೆ ಚೆಲ್ಲಿದ ನೀರು

ಅರವತ್ತರ ದಶಕದ ಒಂದು ಬೇಸಿಗೆ. ನಾವು ಬಬಲೇಶ್ವರದಲ್ಲಿದ್ದೆವು. ನನ್ನ ಅತ್ತೆಯ ಮೊಣಕಾಲು ಸೋತಿದ್ದವು; ನನ್ನ ಹೆಗಲು ಹಿಡಿಯದೆ ಹೆಜ್ಜೆ ಇಡಲಾಗುತ್ತಿರಲಿಲ್ಲ. ಆಗ ಮನೆಗಳಲ್ಲಿ ಪಾಯಖಾನೆ ಇಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ, ಇಲ್ಲವೆ ಮುಸ್ಸಂಜೆಗೆ ಜಾಲಿಗಿಡಗಳ ಆಚೆ ಹೋಗಿ ಬರುತ್ತಿದ್ದೆವು. ಹಗಲಿಡೀ ತಡೆದುಕೊಳ್ಳಬೇಕು.

ಹೊಲಕ್ಕೆ ಹೊರಡುವಾಗ ಅತ್ತೆಯ ಹತ್ತಿರ ತಂಬಿಗೆಯಲ್ಲಿ ನೀರು ಇಟ್ಟು ಹೋಗುತ್ತಿದ್ದೆ. ಬಂದಾಗ ಖಾಲಿ ಇರುತ್ತಿತ್ತು. ಕುಡಿದಿದ್ದಾರೆ ಎಂದುಕೊಂಡೆ.

ಒಂದು ದಿನ ಬೇಗ ಬಂದೆ. ಹಾಸಿಗೆಯ ಪಕ್ಕದ ನೆಲ ತೊಯ್ದಿತ್ತು.

“ಯತ್ತೀ, ಇಲ್ಲೇ ಮಾಡ್ಕೊಂಡ್ರೇನ್ರಿ? ಸಣ್ಣ ಕೂಸೇನ್ರಿ ನೀವು?”

ಅವರು ಗೋಡೆಯ ಕಡೆ ಮುಖ ಮಾಡಿದರು. “ಆತು ಬಿಡ ಬೇ, ವಯಸ್ಸಾತು.”

ಸಾರಿಸುವಾಗ ಆ ನೆಲಕ್ಕೆ ವಾಸನೆಯೇ ಇರಲಿಲ್ಲ. ಅದು ನನಗೆ ತಿಳಿಯಿತು. ಆದರೂ ಕೈ ನಿಲ್ಲಿಸಿ ಯಾಕೆಂದು ಯೋಚಿಸಲಿಲ್ಲ.

ಅಂದಿನಿಂದ ನೀರು ಕೊಟ್ಟರೆ “ನೀರಡಿಕಿಲ್ಲವಾ” ಅನ್ನತೊಡಗಿದರು. ನಾನು ಒತ್ತಾಯ ಮಾಡಲಿಲ್ಲ. ಹಗಲಲ್ಲಿ ಅವರು ನನ್ನನ್ನು ಕರೆಯದಿರುವುದು ನನಗೆ ಹಗುರವಾಗಿತ್ತು. ಇದನ್ನು ಬರೆಯದೆ ಬಿಡಬಾರದು.

ನಾಲ್ಕನೆಯ ದಿನ ನನ್ನನ್ನು ತಮ್ಮ ತಂಗಿ ಎಂದು ತಿಳಿದು ಮಾತಾಡಿಸಿದರು. ನಾನೂ ನನ್ನ ಗಂಡನೂ ಅವರನ್ನು ಬಸ್ಸಿನಲ್ಲಿ ವಿಜಾಪುರಕ್ಕೆ ಒಯ್ದೆವು. ಡಾಕ್ಟರು ತೋಳಿನ ಚರ್ಮ ಚಿವುಟಿ ಬಿಟ್ಟರು. ಅದು ಮಡಿಕೆಯಾಗಿಯೇ ನಿಂತಿತು.

“ನೀರ ಎಷ್ಟ ಕುಡೀತಿದ್ರು?”

“ಬ್ಯಾಡ ಅಂತಿದ್ರು ರೀ.”

“ಯಾಕ ಬ್ಯಾಡ ಅಂತ ಕೇಳಿದ್ರೇನವಾ?”

ಕೇಳಿರಲಿಲ್ಲ. ಸಲಾಯಿನ್ ಹಚ್ಚಿದ ಮೇಲೆ ಅತ್ತೆಗೆ ಸ್ವಲ್ಪ ಹೊತ್ತು ಎಚ್ಚರ ಬಂತು. “ಚೆಲ್ಲತಿದ್ನಿ ಬೇ. ಕುಡದ್ರ ಹೊರಕಡಿ ಹೋಗಬೇಕಾಕೈತಿ. ಹಗಲ್ಹೊತ್ತಿನ್ಯಾಗ ಮಂದಿ ಮುಂದ ಹೆಂಗ ಹೋಗ್ಲಿ?” ಅಂದರು. ಮೂರನೆಯ ದಿನ ಆಸ್ಪತ್ರೆಯಲ್ಲೇ ತೀರಿಹೋದರು.

ಟಿಕೋಟದ ತವರಿನಲ್ಲಿ ನನಗೆ ತಾಯಿ ಇರಲಿಲ್ಲ. ಬಾಣಂತನವನ್ನು ಅತ್ತೆಯೇ ಮಾಡಿದ್ದರು. ನಾನು ಹೊರಕಡೆಗೆ ಹೋಗಬೇಕಾಗದಂತೆ ಒಳಕೋಣೆಯ ಮೂಲೆಗೆ ಹಳೆ ಸೀರೆ ಕಟ್ಟಿ, ಒಡಕು ಮಡಕೆಯಲ್ಲಿ ಬೂದಿ ಹಾಕಿ ಇಟ್ಟಿದ್ದರು. ತಿಂಗಳುಗಟ್ಟಲೆ ದಿನಾ ತಾವೇ ಅದನ್ನು ಹೊರಗೆ ಚೆಲ್ಲಿ ಬರುತ್ತಿದ್ದರು, ಒಮ್ಮೆಯೂ ಮೂಗು ಮುರಿಯಲಿಲ್ಲ. ಬಾಣಂತಿಗೆ ಇದ್ದ ಆ ಮೂಲೆ ಮುದುಕಿಗೂ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಮುದುಕರನ್ನು ನೋಡಿಕೊಳ್ಳುವವರು ಯಾರಾದರೂ ಕೇಳಿದರೆ ಇದೊಂದನ್ನೇ ಹೇಳುತ್ತೇನೆ: ಮೊದಲು ಮೂಲೆ ಮಾಡಿರಿ, ಆಮೇಲೆ ನೀರು ಕೊಡಿರಿ, ಅದು ಗಂಟಲಲ್ಲಿ ಇಳಿಯುವುದನ್ನು ಕೂತು ನೋಡಿರಿ.

ಮಣ್ಣಾದ ಮರುದಿನ ಹಿತ್ತಲಿಗೆ ಹೋದೆ. ಆ ಮಡಕೆ ಅಲ್ಲೇ ಇತ್ತು. ಅದರಲ್ಲಿ ನಾನೇ ಒಲೆಗೆಂದು ಸೆಗಣಿ ಕುಳ್ಳಿನ ಚೂರು ತುಂಬಿಟ್ಟಿದ್ದೆ.