ಊದಿಸಿದ ಉಸಿರು

ನಾನು ಊಟಕ್ಕೆ ಕೂತಿದ್ದೆ. ಪಕ್ಕದಲ್ಲೇ ಮಗಳು ಉಗುರುಬಣ್ಣ ಅಳಿಸುವ ಶೀಶೆಯ ಮುಚ್ಚಳ ತೆಗೆದಳು. ಸಿಹಿಗೆ ಹುಳಿ ಬೆರೆತ, ಕೊಳೆತ ಹಣ್ಣಿನಂಥ ಆ ವಾಸನೆ ಮೂಗಿಗೆ ಹೊಡೆದದ್ದೇ ತಟ್ಟೆ ಸರಿಸಿಬಿಟ್ಟೆ. ಈ ವಾಸನೆ ನನಗೆ ಹೊಸದಲ್ಲ. ಹತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ಕೂತು ಮೂರು ವಾರ ಇದನ್ನೇ ಮೂಸಿದ್ದೇನೆ... ವಿಜ್ಞಾನದ ಸರ್ ಬಾಯಿಂದ.

ಸರ್ ಸದಲಗಾ ಕಡೆಯವರು, ಜೈನರು. ಕಾಗವಾಡದ ಹತ್ತಿರದ ನಮ್ಮೂರ ಹೈಸ್ಕೂಲಿಗೆ ಬಂದಾಗ ಇನ್ನೂ ಮದುವೆ ಆಗಿರಲಿಲ್ಲ. ಮರಾಠಿಯಲ್ಲಿ ಕಲಿತವರಾದ್ದರಿಂದ ಜೀವಕೋಶಕ್ಕೆ 'ಪೇಶಿ' ಎನ್ನುತ್ತಿದ್ದರು. ನಾವು ಅದಕ್ಕೂ ನಗುತ್ತಿದ್ದೆವು.

ಜೀವಕೋಶದ ಉಸಿರಾಟ ಎಂಬ ಪಾಠ ನಡೆದಿತ್ತು. ಉಸಿರಾಟವೆಂದರೆ ಮೂಗಿನ ಕೆಲಸ ಎಂದುಕೊಂಡಿದ್ದ ನಮ್ಮ ತಲೆಗೆ ಅದು ಹತ್ತಲಿಲ್ಲ. "ಮೂಗಿನ ಉಸರು ಬ್ಯಾರೆ, ಪೇಶಿ ಉಸರು ಬ್ಯಾರೆ" ಎಂದು ಅವರು ಬೋರ್ಡಿನ ಮೇಲೆ ಸಕ್ಕರೆ ಕಾರ್ಖಾನೆಯನ್ನೇ ಬರೆದರು. ಪೇಶಿ ಅಂದರೆ ಕಾರ್ಖಾನೆ, ರಕ್ತ ಅಂದರೆ ಅದರ ಯಾರ್ಡ್, ಗ್ಲೂಕೋಸ್ ಅಂದರೆ ಕಬ್ಬು. ಪೇಶಿಯೊಳಗೆ ಹೋದದ್ದೇ ಅದು ಎರಡು ತುಂಡಾಗುತ್ತದೆ, ಅಷ್ಟಕ್ಕೆ ಸಿಗುವುದು ಚೂರು ಶಕ್ತಿ. ಆಮ್ಲಜನಕ ಇದ್ದರೆ ಆ ತುಂಡುಗಳು ಮೈಟೊಕಾಂಡ್ರಿಯಾದಲ್ಲಿ ಪೂರ್ತಿ ಉರಿದು ನಿಜವಾದ ಶಕ್ತಿ ಬರುತ್ತದೆ. ಗಾಳಿ ಸಿಗದ ಯೀಸ್ಟಿನಲ್ಲಿ ಕೆಲಸ ಅರ್ಧಕ್ಕೆ ನಿಂತು ಮದ್ಯವಾಗುತ್ತದೆ.

"ಆದ್ರ ಯಾರ್ಡಿನ್ಯಾಗ ಕಬ್ಬು ಎಷ್ಟ ಇದ್ರೇನ? ಗೇಟ್ ತಗೀಲಿಲ್ಲಂದ್ರ ಕಾರ್ಖಾನಿ ಉಪವಾಸನ" ಎಂದರು.

ನಮಗೆ ಗೇಟ್ ಕೇಳಿಸಲಿಲ್ಲ, ಮದ್ಯವಷ್ಟೇ ಕೇಳಿಸಿತು. ಹಿಂದಿನ ಬೆಂಚು ಕಿಸಕ್ಕೆಂದಿತು. ಅಷ್ಟರಲ್ಲಾಗಲೇ ಸರ್ ಬಾಯಿ ನಾರಲು ಶುರುವಾಗಿತ್ತಲ್ಲ. ಒಂದು ಪಾಠದಲ್ಲಿ ನಾಲ್ಕು ಸಲ ಬಾಟಲಿ ಎತ್ತುವರು, ಎರಡು ಸಲ ಹೊರಗೆ ಹೋಗಿ ಬರುವರು. ಅಂಗಿ ಗೂಟಕ್ಕೆ ಹಾಕಿದಂತೆ ಜೋತಾಡುತ್ತಿತ್ತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಜನ ನಾವು. ಸರ್ ಪಾಪ ಬರೀ ನೀರು ಕುಡಿಯುತ್ತಿದ್ದರು. ನಾನು ಹೆಗಲ ಮೇಲಿನ ಓಢಣಿಯನ್ನು ಮೂಗಿಗೆ ಒತ್ತಿಕೊಂಡು ಕೂರುತ್ತಿದ್ದೆ, ಅವರಿಗೆ ಕಾಣಲಿ ಎಂದೇ. ಅಷ್ಟಕ್ಕೂ ಬಿಡಲಿಲ್ಲ. ಶಾಲೆಯ ಕಮಿಟಿಯಲ್ಲಿದ್ದ ಅಪ್ಪನಿಗೆ, "ಸರ್ ದಾರೂ ಕುಡದ ಬರ್ತಾರ" ಎಂದು ಹೇಳಿದೆ.

ಮರುದಿನ ಅಪ್ಪ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಹೆಡ್‌ಮಾಸ್ತರರ ಕೋಣೆಯ ಬಾಗಿಲಿಗೆ ನಾವೆಲ್ಲ ಮುಕುರಿಕೊಂಡೆವು. ಅಪ್ಪ ಸರ್ ಮುಖದ ಹತ್ತಿರ ಮೂಗು ಒಯ್ದು, "ಊದ್ರಿ" ಎಂದ.

ಸರ್ ಕೈ ಮುಗಿದರು. "ನಮ್ಮನ್ಯಾಗ ಉಳ್ಳಾಗಡ್ಡಿ ಸೈತ ಒಳಗ ಬರಂಗಿಲ್ರಿ... ನಾ ದಾರೂ ಹೆಂಗ ಕುಡೀಲಿ?"

"ಊದ್ರಿ ಅಂದೆ."

ಊದಿದರು. ಅಪ್ಪ ಮುಖ ಸಿಂಡರಿಸಿ ಕಿಟಕಿಯಾಚೆ ಉಗುಳಿದ. ಸರ್ ಅವರನ್ನು ಅಲ್ಲಿಂದಲೇ ಮನೆಗೆ ಕಳಿಸಿದರು. ಬಾಗಿಲಲ್ಲಿ ಅವರು ನನ್ನನ್ನು ದಾಟಿ ಹೋಗುವಾಗ ನಾನು ಮತ್ತೆ ಓಢಣಿ ಮೂಗಿಗೆ ಹಿಡಿದೆ. ಅವರು ನೋಡಿದರು.

ನಾಲ್ಕನೇ ದಿನ ಸುದ್ದಿ ಬಂತು. ಪ್ರಜ್ಞೆ ತಪ್ಪಿದವರನ್ನು ಮಿರಜಿನ ಆಸ್ಪತ್ರೆಗೆ ಒಯ್ದಿದ್ದರಂತೆ, ಉಳಿಯಲಿಲ್ಲ. ಸಕ್ಕರೆ ಕಾಯಿಲೆ, ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ರಕ್ತದ ತುಂಬ ಗ್ಲೂಕೋಸ್, ಅದನ್ನು ಪೇಶಿಯೊಳಗೆ ಬಿಡುವ ಇನ್ಸುಲಿನ್ ಮಾತ್ರ ಇರಲಿಲ್ಲ. ಹಸಿದ ಮೈ ತನ್ನ ಕೊಬ್ಬನ್ನೇ ಉರಿಸಿಕೊಂಡಾಗ ಉಸಿರಿಗೆ ಆ ವಾಸನೆ ಬರುತ್ತದಂತೆ. ಯಾರ್ಡ್ ತುಂಬಿತ್ತು, ಗೇಟ್ ಮುಚ್ಚಿತ್ತು. ಅವರೇ ಹೇಳಿಕೊಟ್ಟಿದ್ದರು, ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಯಾರಿಗೆ ಗೊತ್ತಿತ್ತು ಬಿಡು" ಎಂದು ಅಪ್ಪ ಚಹಾದ ಬಸಿ ಎತ್ತಿದ. ನಾನೇನು ಕಡಿಮೆ? ಪರೀಕ್ಷೆಯಲ್ಲಿ ಅದೇ ಪಾಠದ ಪ್ರಶ್ನೆ ಬಂತು. ಸರ್ ಬರೆದ ಕಾರ್ಖಾನೆಯನ್ನು ನೆನೆಸಿಕೊಂಡು ಚೆನ್ನಾಗಿ ಬರೆದು ಪೂರ್ತಿ ಅಂಕ ತೆಗೆದುಕೊಂಡೆ. ಥೂ... ಆ ಅಂಕ ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

"ಯಾಕಬೇ ಯವ್ವಾ, ಅಷ್ಟ ಹೊಲಸ ನಾರ್ತೈತೇನ?" ಎಂದು ಮಗಳು ಮುಚ್ಚಳ ಹಾಕಲು ಹೋದಳು.

ಶೀಶೆಯನ್ನು ಅವಳ ಕೈಯಿಂದ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದೆ. ಸರ್ ಇಲ್ಲ, ಕ್ಷಮೆ ಕೇಳಲು ಯಾರೂ ಇಲ್ಲ... ಸೆರಗು ಮಾತ್ರ ಮೂಗಿಗೆ ಒಯ್ಯಲಿಲ್ಲ.