ಓರಗಿತ್ತಿಯ ಹಿಟ್ಟು

ಹೆಡತಲೆಯ ಕೆಂಪಾಜಮ್ಮನಿಗೆ ಲಕ್ವ ಹೊಡೆದು ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಬಲಗಾಲು ಎಳೆಯುತ್ತಿದ್ದರೂ ಕೋಲೂರಿಕೊಂಡು ಹಿತ್ತಿಲಿಗೆ ಹೋಗಿಬರುತ್ತಿದ್ದಳು. ಮಾತು ತೊದಲುತ್ತಿತ್ತು, ಬೈಗುಳ ಮಾತ್ರ ಇಡಿಯಾಗಿ ಬರುತ್ತಿತ್ತು. ಬಲಗೈ ಸದಾ ಮಡಿಲಲ್ಲಿ ಬಿದ್ದಿರುತ್ತಿತ್ತು. ಕೋಳಿ ಅಟ್ಟುವುದು, ಸೆರಗು ಸರಿಮಾಡುವುದು, ಮೈ ತೊಳೆಯುವುದು ಎಲ್ಲವೂ ಎಡಗೈಯದೇ. ಊಟವೊಂದು ಬಿಟ್ಟು. "ಕುಂಡಿ ತೊಳ್ಯೋ ಕೈಲಿ ಇಟ್ಟು ಮುಟ್ಟಲ್ಲ" ಎಂದು ಆಸ್ಪತ್ರೆಯಿಂದ ಬಂದ ದಿನವೇ ಚಮಚ ಎಸೆದಿದ್ದಳು.

ಹಾಗಾಗಿ ಅವಳಿಗೆ ಯಾರಾದರೂ ತಿನ್ನಿಸಬೇಕಿತ್ತು. ಗಂಡ ತೀರಿಹೋಗಿದ್ದ. ಮಗ ನಿಂಗರಾಜು ಬೆಳಿಗ್ಗೆ ಆರಕ್ಕೆ ನಂಜನಗೂಡಿನ ಫ್ಯಾಕ್ಟರಿಗೆ ಹೊರಟರೆ ಬರುವುದು ಸಂಜೆಗೇ. ಉಳಿದವಳು ಗೋಡೆಯಾಚೆಯ ಓರಗಿತ್ತಿ, ಮೈದುನನ ಹೆಂಡತಿ ಚಿಕ್ಕತಾಯಮ್ಮ.

ಲಕ್ವ ಹೊಡೆಯುವ ತನಕ ಆ ಇಬ್ಬರ ನಡುವೆ ಹತ್ತೊಂಬತ್ತು ವರ್ಷ ಮಾತಿರಲಿಲ್ಲ. ಒಂದು ಬೀಗರೂಟದಲ್ಲಿ ಚಿಕ್ಕತಾಯಮ್ಮ ತಿರುವಿದ ರಾಗಿಹಿಟ್ಟಿನ ಮುದ್ದೆಯನ್ನು ಕೆಂಪಾಜಮ್ಮ ಮುರಿದು, ಒಳಗಿನ ಬೇಯದ ಗಂಟನ್ನು ಎರಡು ಬೆರಳಲ್ಲಿ ಚಿವುಟಿ ತೆಗೆದು, ಪಂಕ್ತಿಗೆಲ್ಲ ಕಾಣುವಂತೆ ಎಲೆಯ ತುದಿಗಿಟ್ಟಿದ್ದಳು. ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಚಿಕ್ಕತಾಯಮ್ಮ ಮರೆಯುತ್ತಿದ್ದಳೇನೋ.

ನಿಂಗರಾಜು ಬಂದು ಕೇಳಿದಾಗ ಅವಳು ತಕ್ಷಣ ಒಪ್ಪಿದ್ದಳು. ಅಂದಿನಿಂದ ದಿನಾ ಮಧ್ಯಾಹ್ನ ಅದೇ ಹಿಟ್ಟು, ಅದೇ ಕೈಯಿಂದ ಕೆಂಪಾಜಮ್ಮನ ಬಾಯಿಗೆ. ತುತ್ತನ್ನು ಬೇಕೆಂದೇ ಕೊಂಚ ದೊಡ್ಡದು ಮಾಡುತ್ತಿದ್ದಳು.

"ನುಂಗಕ್ಕ. ಗಂಟು ಸಿಕ್ರೆ ಯೋಳು."

ಬೈಯಲು ಕೆಂಪಾಜಮ್ಮನ ಬಾಯಿ ಖಾಲಿ ಇರುತ್ತಿರಲಿಲ್ಲ.

ವಾರಕ್ಕೊಮ್ಮೆ ಬರುತ್ತಿದ್ದ ಫಿಜಿಯೊಥೆರಪಿಸ್ಟ್ ಪವಿತ್ರ ಒಂದು ಸೋಮವಾರ ಬಲಗೈಯ ಮಣಿಕಟ್ಟನ್ನು ಅಳೆದಳು. ಇಪ್ಪತ್ತು ಡಿಗ್ರಿ ಮೇಲೇಳುತ್ತಿತ್ತು. ಬೆರಳುಗಳೂ ಚೂರು ಬಿಚ್ಚಿಕೊಳ್ಳುತ್ತಿದ್ದವು.

"ಇಷ್ಟಿದ್ರೆ ಸಾಕಮ್ಮ. ಎಲ್ಲ ಕೆಲಸ ಎಡಗೈಯೇ ಮಾಡ್ತಿರೋದ್ರಿಂದ ಮಿದುಳು ಬಲಗೈಯನ್ನು ಕರೆಯೋದನ್ನೇ ಬಿಟ್ಟಿದೆ. ಎಡಗೈ ಕಟ್ಟೋಣ. ದಿನಕ್ಕೆ ಆರು ಗಂಟೆ, ಹದಿನಾಲ್ಕು ದಿನ. ನಡೆಯುವಾಗ ಮಾತ್ರ ಬಿಚ್ಚಬೇಕು, ಕೋಲು ಹಿಡಿಯೋಕೆ. ಯಾರು ಕಟ್ತೀರಿ?"

"ನಾನ್ ಕಟ್ತೀನಿ" ಎಂದಳು ಚಿಕ್ಕತಾಯಮ್ಮ. ಆ ದನಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಉತ್ಸಾಹವಿತ್ತು.

ಹಳೇ ಸೀರೆಯಲ್ಲಿ ಚೀಲ ಹೊಲಿದು ಎಡಗೈಗೆ ತೊಡಿಸಿ ಬಿಗಿದಳು. ತಟ್ಟೆಯನ್ನು ಮುಂದೆ ತಳ್ಳಿ, "ಇನ್ ನಾ ತಿನ್ಸಲ್ಲ. ಉಣ್ಣು, ಇಲ್ಲ ಬುಡು" ಎಂದು ಎದುರಿಗೇ ಕೂತು ಅವರೆಕಾಯಿ ಬಿಡಿಸತೊಡಗಿದಳು.

ಮೊದಲ ದಿನ ಬಲಗೈ ತಟ್ಟೆ ತಲುಪುವಷ್ಟರಲ್ಲಿ ಸಾರು ತಣ್ಣಗಾಗಿತ್ತು. ನಾಲ್ಕನೆಯ ದಿನ ಹಿಟ್ಟು ಮುರಿಯಿತು, ಬಾಯಿಗೆ ಬರುವ ಮೊದಲೇ ಜಾರಿತು, ಕೋಳಿ ತಿಂದಿತು. ಏಳನೆಯ ದಿನ ಮೂರು ತುತ್ತು ಒಳಗೆ ಹೋದವು. ಉಳಿದ ಹಸಿವಿಗೆ ಸಂಜೆ ನಿಂಗರಾಜು ಬರಬೇಕಾಯಿತು.

ಓರಗಿತ್ತಿ ಹಳೇ ಸೇಡಿಗೆ ಕೈ ಕಟ್ಟಿ ಉಪವಾಸ ಕೆಡವಿದ್ದಾಳೆ ಎಂಬ ಸುದ್ದಿ ಕೆಂಪಾಜಮ್ಮನ ತವರು ತಾಂಡವಪುರ ಮುಟ್ಟಿತು. ಹತ್ತನೆಯ ದಿನ ಮಧ್ಯಾಹ್ನ ಅವಳ ತಮ್ಮ ಸಣ್ಣಯ್ಯ ಬೈಕಿನಲ್ಲಿ ಬಂದಿಳಿದ.

"ಏನಮ್ಮಿ, ಕಟ್ಟಾಕಕ್ಕೆ ನಮ್ಮಕ್ಕ ಏನ್ ದನವಾ?"

"ದನವಾಗಿದ್ರೆ ಆಲಾದ್ರೂ ಕೊಡ್ತಿತ್ತು. ಕಟ್ಟು ಅಂದೋರು ಡಾಕ್ಟ್ರಮ್ಮ, ಅವರ್ನ ಓಗಿ ಕೇಳು."

ಸಣ್ಣಯ್ಯ ಚೀಲ ಬಿಚ್ಚಿ ಮೂಲೆಗೆಸೆದ. "ನಡಿಯಕ್ಕ, ನಮ್ಮನೇಗೆ ಓಗವ. ನನ್ನೆಂಡ್ರು ತಿನ್ನುಸ್ತಾಳೆ" ಎನ್ನುತ್ತಾ ಹಿಟ್ಟು ಮುರಿದು, ಸಾರಿನಲ್ಲದ್ದಿ, ಅಕ್ಕನ ಬಾಯಿಯ ಹತ್ತಿರ ಹಿಡಿದ.

ಕೆಂಪಾಜಮ್ಮ ಆ ತುತ್ತನ್ನು ನೋಡಿದಳು. ತಮ್ಮನ ಕೈ, ಪ್ರೀತಿಯ ಕೈ. ಆದರೂ ಇನ್ನೊಬ್ಬರ ಕೈ. ಅಲ್ಲಿಗೆ ಹೋದರೆ ಸಾಯುವ ತನಕ ಹೀಗೇ ಬಾಯಿ ತೆರೆದು ಕೂರಬೇಕು. ಇಲ್ಲಿ ಇನ್ನು ನಾಲ್ಕು ದಿನ ಉಳಿದಿತ್ತು. ಹಲ್ಲು ಕಚ್ಚಿದಳು.

"ಮಡಗ್ಲಾ, ಮುಂಡೇದೆ!"

ಬೈಗುಳ ಸಲೀಸಾಗಿ ಬಂತು. ಮುಂದಿನ ಮಾತಿಗೆ ತಡಕಾಡಬೇಕಾಯಿತು. ಎಡಗೈಯನ್ನು ಚಿಕ್ಕತಾಯಮ್ಮನ ಕಡೆ ಚಾಚಿದಳು.

"ಕ... ಕಟ್ಟು. ನಿನ್... ಕೈತುತ್ತು... ಸಾಕಾಯ್ತು ನಂಗೆ."

ಚಿಕ್ಕತಾಯಮ್ಮ ಚೀಲ ಎತ್ತಿ ತಂದು, ಎಂದಿಗಿಂತ ಒಂದು ಸುತ್ತು ಹೆಚ್ಚೇ ಬಿಗಿದಳು. ಸಣ್ಣಯ್ಯ ಹಿಡಿದಿದ್ದ ತುತ್ತನ್ನು ತಟ್ಟೆಗೇ ಇಟ್ಟ.

ಕೆಂಪಾಜಮ್ಮ ಬಲಗೈಯನ್ನು ಎಳೆದು ತಂದು ಬೆರಳುಗಳನ್ನು ಸಾರಿನಲ್ಲಿ ಒದ್ದೆ ಮಾಡಿಕೊಂಡಳು. ಒಂದು ತುತ್ತು. ಎರಡು. ಮೂರು. ನಾಲ್ಕನೆಯದಕ್ಕೆ ಬೆರಳು ನಿಂತಿತು. ಹೆಬ್ಬೆರಳು ನಡುಗುತ್ತಾ ತೋರುಬೆರಳನ್ನು ಹುಡುಕಿತು, ತಪ್ಪಿತು, ಮತ್ತೆ ಹುಡುಕಿ ಮುಟ್ಟಿತು. ಕಡಲೆಕಾಳಿನಷ್ಟು ದೊಡ್ಡ ಗಂಟನ್ನು ಚಿವುಟಿ ತೆಗೆದು ತಟ್ಟೆಯ ಅಂಚಿಗಿಟ್ಟಳು. ತಲೆಯೆತ್ತಿ ಓರಗಿತ್ತಿಯನ್ನು ನೋಡಿದಳು.

ಚಿಕ್ಕತಾಯಮ್ಮನ ಮುಖ ಕೆಂಡವಾಯಿತು. ಗಂಟನ್ನು ನೋಡಿದಳು. ಅದಕ್ಕಿಂತ ಹೆಚ್ಚು ಹೊತ್ತು ಆ ಎರಡು ಬೆರಳನ್ನು ನೋಡಿದಳು. ಎದ್ದು ಗೋಡೆಯಾಚೆ ಹೋಗಿ, ಹಿಟ್ಟು ತಿರುವುವ ಕೋಲು ತಂದು ಕೆಂಪಾಜಮ್ಮನ ಬಲಮಗ್ಗುಲಲ್ಲಿ ನೆಲಕ್ಕೆ ದಪ್ಪನೆ ಹಾಕಿದಳು.

"ಚಿವುಟಕ್ಕೆ ಬಂತಲ್ಲ. ನಾಳಿಂದ ನೀನೇ ತಿರುವ್ಕೊಂಡ್ ತಿನ್ನು."

ಕೆಂಪಾಜಮ್ಮ ನಾಲ್ಕನೆಯ ತುತ್ತನ್ನು ಬಾಯಿಗಿಟ್ಟು, ಪೂರ್ತಿ ನುಂಗಿ, ಆಮೇಲೆ ಬೈದಳು.